ವಿಮಾನ ಪರಿಚಾರಕರ ಮುಷ್ಕರವೂ ನಮ್ಮ ಗಿರಣಿ ಬಾಗಿಲೂ

ವಿಮಾನದವರು ಮುಷ್ಕರ ಹೂಡಿದರೆ ಉಪ್ಪಾರಹಳ್ಳಿಗೇನು ಬಂತು ಎಂದು ಕೇಳುವವರುಂಟು. ಕೇಳುವುದರಲ್ಲಿ ತಪ್ಪೇನೂ ಇಲ್ಲ. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವನಿಗೂ, ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದಿನವಿಡೀ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಗಳಿಗೂ, ರಸ್ತೆಯ ಮೂಲೆಯಲ್ಲಿ ಪೆಟ್ಟಿಗೆ ಅಂಗಡಿ ಇಟ್ಟುಕೊಂಡವನಿಗೂ ವಿಮಾನವೆಂಬುದು ತಲೆಯೆತ್ತಿ ನೋಡುವ ವಸ್ತು. ಅದರೊಳಗೆ ಊಟ ಉಪಚಾರ ನೋಡಿಕೊಳ್ಳುವವರ ಸಂಬಳದ ಗೋಜು ಇವರಿಗೇಕೆ? ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯ ಉದ್ಘಾಟನೆಯಾದ ಮೇಲೂ ಆಕಾಶದ ವ್ಯವಹಾರ ನಮ್ಮ ಜಿಲ್ಲೆಯ ಜನಕ್ಕೆ ಅಷ್ಟೇನೂ ಹತ್ತಿರ ಬಂದಿಲ್ಲ.

ನಮ್ಮ ಅಭಿಪ್ರಾಯ ಬೇರೆ. ವಿಮಾನದ ಕೆಲಸಗಾರರ ಕಾಲಿಗೆ ಬಹುಕಾಲದಿಂದ ಕಟ್ಟಿದ್ದ ಹಗ್ಗವನ್ನು ಕೇಂದ್ರ ಸರ್ಕಾರವು 2025ರ ನವೆಂಬರ್ 21ರಿಂದ ನಮ್ಮ ಗಿರಣಿ ಕೆಲಸಗಾರರ ಕಾಲಿಗೂ ಕಟ್ಟಿದೆ. ಆ ಹಗ್ಗ ಎಂಥದು, ಅದು ಬಿಗಿದಾಗ ಏನಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ ಮೊದಲೇ ಕಟ್ಟಿಸಿಕೊಂಡವರ ಪಾಡನ್ನು ನೋಡಬೇಕು.

2024ರ ಮೇ 7ರ ರಾತ್ರಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಕಂಪನಿಯ ಪರಿಚಾರಕ ಸಿಬ್ಬಂದಿ ಒಬ್ಬರ ಹಿಂದೊಬ್ಬರಾಗಿ ತಮಗೆ ಮೈಗೆ ಹುಷಾರಿಲ್ಲವೆಂದು ತಿಳಿಸತೊಡಗಿದರು. ಒಂದೇ ರಾತ್ರಿಯಲ್ಲಿ ಇನ್ನೂರಕ್ಕೂ ಮೇಲ್ಪಟ್ಟ ಮಂದಿಗೆ ಒಟ್ಟಿಗೆ ಕಾಯಿಲೆ ಬಂದರೆ ಅದು ವೈದ್ಯರು ನೋಡುವ ಕಾಯಿಲೆಯಲ್ಲವೆಂದು ಯಾರಿಗಾದರೂ ತಿಳಿಯುತ್ತದೆ. ಒಂದೆರಡು ದಿನಗಳಲ್ಲಿ 170ಕ್ಕೂ ಹೆಚ್ಚು ವಿಮಾನಗಳು ಹಾರಲಿಲ್ಲ. ಮಂಗಳೂರು, ಕಣ್ಣೂರು, ಕೋಳಿಕ್ಕೋಡ್, ತಿರುವನಂತಪುರಗಳಿಂದ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋಗುವವರೇ ಈ ಕಂಪನಿಯ ಮುಖ್ಯ ಪ್ರಯಾಣಿಕರು. ರಜೆ ಮುಗಿಸಿ ಕೆಲಸಕ್ಕೆ ಹಿಂತಿರುಗಬೇಕಾಗಿದ್ದ ಗಾರೆ ಕೆಲಸದವರು, ಚಾಲಕರು, ದಾದಿಯರು ನಿಲ್ದಾಣಗಳಲ್ಲಿ ಗಂಟುಮೂಟೆ ಸಮೇತ ಕುಳಿತರು. ಕಂಪನಿಯವರು 25 ಮಂದಿಗೆ ವಜಾ ಪತ್ರ ಕಳುಹಿಸಿ, ಉಳಿದವರು ಗಡುವಿನೊಳಗೆ ಹಾಜರಾಗದಿದ್ದರೆ ಇದೇ ಗತಿಯೆಂದು ಬೆದರಿಸಿದರು. ಮೇ 9ರಂದು ದಿಲ್ಲಿಯಲ್ಲಿ ಮುಖ್ಯ ಕಾರ್ಮಿಕ ಆಯುಕ್ತರ ಮುಂದೆ ಸಂಘದವರೂ ಆಡಳಿತದವರೂ ಎದುರುಬದುರು ಕುಳಿತರು. ವಜಾ ಆದ 25 ಮಂದಿಯನ್ನೂ ವಾಪಸು ತೆಗೆದುಕೊಳ್ಳುವುದೆಂದೂ, ಸಿಬ್ಬಂದಿ ಕೂಡಲೇ ಕೆಲಸಕ್ಕೆ ಬರುವುದೆಂದೂ ಒಪ್ಪಂದವಾಯಿತು.

ಎರಡು ದಿನದ ಈ ಗಲಾಟೆಯ ಬೇರು ಎಲ್ಲಿತ್ತು? 1953ರಲ್ಲಿ ರಾಷ್ಟ್ರೀಕರಣವಾಗಿ ಜನತೆಯ ಸ್ವತ್ತಾಗಿದ್ದ ಏರ್ ಇಂಡಿಯಾವನ್ನು ಸರ್ಕಾರವು 18,000 ಕೋಟಿ ರೂಪಾಯಿಗೆ ಟಾಟಾ ಸಂಸ್ಥೆಗೆ ಮಾರಿ 2022ರ ಜನವರಿ 27ರಂದು ಒಪ್ಪಿಸಿತು. ಆ 18,000 ಕೋಟಿಯಲ್ಲಿ 15,300 ಕೋಟಿ ಸಾಲದ ಬಾಬ್ತು. ರೊಕ್ಕವಾಗಿ ಬಂದದ್ದು 2,700 ಕೋಟಿ. ಅದರ ಜೊತೆಗೆ ಹೋದ ಏರ್ ಇಂಡಿಯಾ ಎಕ್ಸ್‌ಪ್ರೆಸ್ಸನ್ನು, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇಟ್ಟುಕೊಂಡು 2014ರಿಂದ ನಡೆಯುತ್ತಿದ್ದ ಏರ್ ಏಷ್ಯಾ ಇಂಡಿಯಾದೊಡನೆ ಕೂಡಿಸುವ ಕೆಲಸ ಆರಂಭವಾಯಿತು. ಎರಡು ಮನೆಗಳನ್ನು ಒಂದು ಮಾಡುವಾಗ ಪಾತ್ರೆ ಪಡಗ ಯಾರದು ಎಂಬ ಜಗಳ ಬರುವುದು ಸಹಜ. ಹಳೆಯ ಸಿಬ್ಬಂದಿಯ ದೂರು ಇಷ್ಟು: ಭತ್ಯಗಳು ಹೋದವು, ಸಂಬಳದ ಲೆಕ್ಕ ಬದಲಾಯಿತು, ಹಿರಿಯ ಹುದ್ದೆಯ ಸಂದರ್ಶನದಲ್ಲಿ ತೇರ್ಗಡೆಯಾದವರಿಗೂ ಕೆಳಗಿನ ಹುದ್ದೆ ಕೊಟ್ಟರು, ಎಲ್ಲರನ್ನೂ ಒಂದೇ ಕಣ್ಣಿನಿಂದ ನೋಡಲಿಲ್ಲ. ಇದು ಮೇ ತಿಂಗಳಿನ ಆ ರಾತ್ರಿ ಹುಟ್ಟಿದ ದೂರಲ್ಲ. ಸಂಘವು ಅದನ್ನು ಬಹಳ ಮೊದಲೇ ಕಾರ್ಮಿಕ ಇಲಾಖೆಯ ಮುಂದೆ ಇಟ್ಟಿತ್ತು. ಸಂಧಾನಾಧಿಕಾರಿಯ ಮುಂದೆ ಕಂಪನಿಯ ಕಡೆಯವರು ತಪ್ಪು ಮಾಹಿತಿ ಕೊಟ್ಟರೆಂದೂ, ಕಾರ್ಮಿಕ ಕಾನೂನುಗಳ ಉಲ್ಲಂಘನೆ ಎದ್ದು ಕಾಣುತ್ತಿದೆಯೆಂದೂ ದಿಲ್ಲಿಯ ಪ್ರಾದೇಶಿಕ ಕಾರ್ಮಿಕ ಆಯುಕ್ತರೇ ಬರೆದಿದ್ದರೆಂಬ ಸಂಗತಿ ಆ ದಿನಗಳ ಪತ್ರಿಕೆಗಳಲ್ಲಿ ಬಂದಿತು. ಸರ್ಕಾರದ ಅಧಿಕಾರಿಯೊಬ್ಬರು ಹಾಗೆ ಬರೆಯುವುದು ದಿನನಿತ್ಯದ ಮಾತಲ್ಲ.

ಆ ಸಂಘದ ಬಾವುಟ ನಮ್ಮ ಬಣ್ಣದ್ದಲ್ಲ. ಅದು ಭಾರತೀಯ ಮಜ್ದೂರ್ ಸಂಘಕ್ಕೆ ಸೇರಿದ್ದು. ಆದರೂ ಅವರ ಬೇಡಿಕೆ ನ್ಯಾಯವಾದುದೆಂದು ಹೇಳಲು ನಮಗೆ ಸಂಕೋಚವಿಲ್ಲ. ಬಾವುಟ ನೋಡಿ ನ್ಯಾಯ ಅಳೆಯುವ ರೂಢಿ ನಮ್ಮ ಕಾರ್ಮಿಕ ಚಳವಳಿಗೆ ಮಾಡಿರುವ ಕೇಡು ಮಾಲೀಕರು ಮಾಡಿರುವುದಕ್ಕಿಂತ ಕಡಿಮೆಯೇನಲ್ಲ.

ಹಾಗೆಂದು ಆ ಎರಡು ದಿನದ ನೋವನ್ನು ಮರೆಮಾಚುವುದೂ ಸರಿಯಲ್ಲ. ಮಸ್ಕತ್ತಿನಲ್ಲಿ ಹೃದಯಾಘಾತವಾಗಿ ಆಸ್ಪತ್ರೆ ಸೇರಿದ್ದ ಕೇರಳದ ಒಬ್ಬ ದುಡಿಮೆಗಾರನನ್ನು ನೋಡಲು ಅವನ ಹೆಂಡತಿ ಹೊರಟಿದ್ದಳು. ವಿಮಾನ ಹಾರಲಿಲ್ಲ. ಕೆಲವೇ ದಿನಗಳಲ್ಲಿ ಆತ ತೀರಿಕೊಂಡ. ಆಕೆ ಕಡೆಗೂ ಜೀವಂತ ಮುಖ ನೋಡಲಾಗಲಿಲ್ಲ. ಆ ಹೆಣ್ಣುಮಗಳ ಮುಂದೆ ನಿಂತು ಭತ್ಯದ ಲೆಕ್ಕ ಹೇಳಲು ಯಾವ ಸಂಘದ ಕಾರ್ಯದರ್ಶಿಗೆ ಬಾಯಿ ಬಂದೀತು? ಮುಷ್ಕರವೆಂದರೆ ಮಾಲೀಕನ ಪೆಟ್ಟಿಗೆಗೆ ಬೀಳಬೇಕಾದ ಏಟು. ಅದು ಬಹಳ ಸಲ ಬಡವನ ಬೆನ್ನಿಗೆ ಬೀಳುತ್ತದೆ. ಮುನ್ಸೂಚನೆ ಕೊಟ್ಟು, ದಿನ ಗೊತ್ತು ಮಾಡಿ, ಪತ್ರಿಕೆಯಲ್ಲಿ ಪ್ರಕಟಿಸಿ, ತುರ್ತಾಗಿ ಹೋಗಬೇಕಾದವರಿಗೆ ಬೇರೆ ದಾರಿ ಹುಡುಕಿಕೊಳ್ಳಲು ಅವಕಾಶ ಮಾಡಿ ಹೂಡಿದ ಮುಷ್ಕರಕ್ಕೂ, ರಾತ್ರೋರಾತ್ರಿ ಜ್ವರದ ನೆಪ ಹೇಳಿ ಮನೆಯಲ್ಲಿ ಕೂರುವುದಕ್ಕೂ ಅಂತರವಿದೆ. ಎರಡನೆಯದನ್ನು ನಾವು ಮೆಚ್ಚುವುದಿಲ್ಲ.

ಹಾಗಾದರೆ ಅವರು ಮೊದಲನೆಯದನ್ನೇಕೆ ಮಾಡಲಿಲ್ಲ? ಇಲ್ಲಿಗೆ ಬಂದಾಗ ಕಾನೂನಿನ ಹಗ್ಗ ಕಾಣುತ್ತದೆ. 1947ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿ ರೈಲು, ವಿಮಾನಗಳಂಥ ಸೇವೆಗಳಿಗೆ ಸಾರ್ವಜನಿಕ ಉಪಯುಕ್ತ ಸೇವೆ ಎಂಬ ಹೆಸರಿತ್ತು. ಆ ಸೇವೆಯವರು ಮುಷ್ಕರ ಹೂಡಬೇಕಾದರೆ 14 ದಿನ ಮೊದಲು ನೋಟೀಸು ಕೊಡಬೇಕು. ನೋಟೀಸು ಕೊಟ್ಟೊಡನೆ ಸಂಧಾನ ಆರಂಭ. ಸಂಧಾನ ನಡೆಯುತ್ತಿರುವಾಗ ಮುಷ್ಕರ ಹೂಡುವಂತಿಲ್ಲ. ಅದು ಮುಗಿದ ಮೇಲೆ ಇನ್ನೂ ಏಳು ದಿನ ಹೂಡುವಂತಿಲ್ಲ. ಅಂದರೆ ಬಾಗಿಲು ತೆರೆದಿದೆ ಎಂದು ಹೇಳಿ, ತಟ್ಟಿದವನಿಗೆ ಒಳಗೆ ಪೂಜೆ ನಡೆಯುತ್ತಿದೆ, ಕಾಯಿರಿ ಎಂದಂತೆ. ಪೂಜೆ ಎಷ್ಟು ಹೊತ್ತು ನಡೆಯಬೇಕೆಂಬುದು ಪೂಜಾರಿಯ ಇಷ್ಟ. ನೇರವಾಗಿ ಮುಷ್ಕರವೆಂದು ಕರೆದರೆ ಕಾನೂನುಬಾಹಿರ, ವಜಾ ಖಂಡಿತ. ಕಾಯಿಲೆಯೆಂದರೆ ಕನಿಷ್ಠ ಪಕ್ಷ ವಾದಿಸಲು ಒಂದು ಎಳೆ ಉಳಿಯುತ್ತದೆ. 2009ರ ಸೆಪ್ಟೆಂಬರಿನಲ್ಲಿ ಜೆಟ್ ಏರ್‌ವೇಸ್‌ನ ಪೈಲಟ್‌ಗಳು ಹಿಡಿದದ್ದೂ ಇದೇ ದಾರಿಯನ್ನು. ಬೆಳಕಿನ ದಾರಿಗೆ ಬೇಲಿ ಹಾಕಿದವರು ಕತ್ತಲ ದಾರಿಯಲ್ಲಿ ನಡೆದವರನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ.

ಬೆಳಕಿನಲ್ಲಿ ನಡೆದವರಿಗಾದರೂ ಮರ್ಯಾದೆ ಸಿಕ್ಕಿತೇ ಎಂದರೆ ಅದೂ ಇಲ್ಲ. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ ಅವರ ನಾಯಕತ್ವದಲ್ಲಿ 1974ರ ರೈಲ್ವೆ ಮುಷ್ಕರಕ್ಕೆ ಮುಂಚಿತವಾಗಿ ನೋಟೀಸು ಕೊಡಲಾಗಿತ್ತು, ಮೇ 8 ಎಂದು ದಿನವೂ ಗೊತ್ತಾಗಿತ್ತು, ಮಾತುಕತೆಯೂ ನಡೆಯುತ್ತಿತ್ತು. ಮೇ 2ರಂದೇ ಅವರನ್ನು ಬಂಧಿಸಿದರು. ಲಕ್ಷಾಂತರ ಕೆಲಸಗಾರರು ಮೂರು ವಾರಗಳಷ್ಟು ಕಾಲ ನಿಂತರು, ಸಾವಿರಾರು ಮಂದಿ ಸೆರೆಮನೆ ಕಂಡರು. ನೋಟೀಸು ಕೊಡಬೇಕು ಎಂಬ ನಮ್ಮ ಮಾತನ್ನು ಇದರಿಂದ ನಾವು ಹಿಂದೆಗೆದುಕೊಳ್ಳುವುದಿಲ್ಲ. ನೋಟೀಸು ಕೊಟ್ಟವನನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ ಎನ್ನುತ್ತೇವೆ.

ಇನ್ನು ಸಂಬಳದ ವಿಚಾರ. ಗಗನಸಖಿಯೆಂದರೆ ರೇಷ್ಮೆ, ನಗು, ದೊಡ್ಡ ಸಂಬಳ ಎಂಬ ಕಲ್ಪನೆ ನಮ್ಮಲ್ಲಿ ಬಲವಾಗಿದೆ. ಅವರ ಸಂಬಳದ ಒಂದು ಪಾಲು ನಿಶ್ಚಿತ. ಮತ್ತೊಂದು ಪಾಲು ಹಾರಿದ ಗಂಟೆಗಳ ಮೇಲೆ. ಹಾರಿದ ಗಂಟೆಯೆಂದರೆ ವಿಮಾನ ಚಲಿಸತೊಡಗಿದ್ದರಿಂದ ನಿಂತವರೆಗೆ. ಅದಕ್ಕೆ ಮುಂಚೆ ನಿಲ್ದಾಣಕ್ಕೆ ಬಂದು ಸಿದ್ಧರಾಗುವುದು, ಪ್ರಯಾಣಿಕರನ್ನು ಹತ್ತಿಸಿಕೊಳ್ಳುವುದು, ಮುದುಕರ ಪೆಟ್ಟಿಗೆ ಮೇಲಿಡುವುದು, ಮಂಜು ಕವಿದು ಮೂರು ಗಂಟೆ ತಡವಾದರೆ ಕೋಪಗೊಂಡವರನ್ನು ಸಮಾಧಾನಪಡಿಸುವುದು, ಇವಕ್ಕೆಲ್ಲ ಗಂಟೆಯ ಲೆಕ್ಕ ಓಡುವುದಿಲ್ಲ. ಕೆನಡಾ ದೇಶದಲ್ಲಿ ಇದೇ ಪ್ರಶ್ನೆಯ ಮೇಲೆ 2025ರ ಆಗಸ್ಟ್ 16ರಂದು ಏರ್ ಕೆನಡಾದ 10,000 ಪರಿಚಾರಕರು ಕೆಲಸ ನಿಲ್ಲಿಸಿದರು. ಅರ್ಧ ದಿನ ಕಳೆಯುವುದರೊಳಗೆ ಅಲ್ಲಿನ ಸರ್ಕಾರ ಮಧ್ಯೆ ಬಂದು ಕೆಲಸಕ್ಕೆ ಮರಳಬೇಕೆಂಬ ಆಜ್ಞೆ ಹೊರಡುವಂತೆ ಮಾಡಿತು. ಸಂಘ ಆಜ್ಞೆಯನ್ನು ಪಾಲಿಸಲಿಲ್ಲ. ಆಗಸ್ಟ್ 19ರಂದು ಒಪ್ಪಂದದ ಕರಡಿಗೆ ಸಹಿ ಬಿದ್ದಾಗ ನೆಲದ ಮೇಲಿನ ಕೆಲಸಕ್ಕೂ ಒಂದಿಷ್ಟು ಕೂಲಿ ಎಂಬ ತತ್ತ್ವ ಅದರೊಳಗಿತ್ತು.

ನಮ್ಮ ಗಿರಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಕರೆಂಟು ಹೋಗಿ ಯಂತ್ರ ನಿಂತಾಗ ಗೋಡೆಗೊರಗಿ ಕಾದ ಹೊತ್ತು ಯಾರ ಲೆಕ್ಕ? ಲಾರಿ ಬರುವುದು ತಡವಾಗಿ ಹಮಾಲಿ ಕಟ್ಟೆಯ ಮೇಲೆ ಕುಳಿತ ಹೊತ್ತು ಯಾರ ಲೆಕ್ಕ? ಪೀಸಿನ ಮೇಲೆ ಕೂಲಿ ಕೊಡುವ ಕಡೆ ದಾರ ಬದಲಾಯಿಸುವ ಹೊತ್ತು ಯಾರ ಲೆಕ್ಕ? ಕಾಯುವುದೂ ಕೆಲಸವೇ. ಕಾಯಿಸುವವನು ಅದರ ಬೆಲೆ ಕೊಡಬೇಕು. ಆಕಾಶದವರ ಬೇಡಿಕೆ ಇದೇ, ನೆಲದವರ ಬೇಡಿಕೆಯೂ ಇದೇ.

ರೇಷ್ಮೆ ಮತ್ತು ನಗುವಿನ ಹಿಂದೆ ಬೇರೊಂದು ಕಥೆಯೂ ಇತ್ತು. ಏರ್ ಇಂಡಿಯಾದ ಗಗನಸಖಿಯರು 35 ವರ್ಷಕ್ಕೆ ನಿವೃತ್ತರಾಗಬೇಕು, ಸೇರಿದ ನಾಲ್ಕು ವರ್ಷದೊಳಗೆ ಮದುವೆಯಾದರೆ ಕೆಲಸ ಹೋಗುತ್ತದೆ, ಮೊದಲ ಬಸಿರು ನಿಂತರೂ ಹೋಗುತ್ತದೆ ಎಂಬ ನಿಯಮಗಳಿದ್ದವು. ಸ್ವತಂತ್ರ ಭಾರತದ ಸರ್ಕಾರಿ ಸಂಸ್ಥೆಯ ನಿಯಮ ಇದು. 1981ರ ಆಗಸ್ಟಿನಲ್ಲಿ ನರ್ಗೇಶ್ ಮೀರ್ಜಾ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಬಸಿರಿನ ನಿಯಮವನ್ನು ರದ್ದು ಮಾಡಿತು. 35ರ ಮೇಲೆ ಮುಂದುವರಿಸುವುದು ಮೇಲಧಿಕಾರಿಯ ಮರ್ಜಿಗೆ ಬಿಟ್ಟದ್ದನ್ನೂ ತೆಗೆದುಹಾಕಿತು. ಮದುವೆಯ ನಿಯಮವನ್ನು ಮಾತ್ರ ಎತ್ತಿಹಿಡಿಯಿತು. ಅದೂ ಕಳಚಿಕೊಳ್ಳಲು ಆ ಹೆಂಗಸರು ಇನ್ನೂ ಹೋರಾಡಬೇಕಾಯಿತು. ಗಾರ್ಮೆಂಟಿನಲ್ಲಿ ಬಸುರಿ ಹೆಂಗಸನ್ನು ಯಾವ ನೆಪ ಹೇಳಿ ಹೊರಗೆ ಕಳಿಸುತ್ತಾರೆಂದು ಬಲ್ಲ ನಮ್ಮ ಅಕ್ಕತಂಗಿಯರು ಇದನ್ನು ಓದಿ ಆಶ್ಚರ್ಯಪಡಲಾರರು.

ಕೆಲಸಗಾರರ ಸಂಘ ಬಾಯಿ ಬಿಟ್ಟರೆ ಅದು ಸ್ವಾರ್ಥವೆಂದೂ, ಬಾಯಿ ಮುಚ್ಚಿದರೆ ಅದು ಶಿಸ್ತೆಂದೂ ತಿಳಿಯುವವರು ಮಂಗಳೂರನ್ನು ನೆನೆಯಲಿ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಗುಡ್ಡದ ಮೇಲಿನ ಓಡುದಾರಿಯನ್ನು ದಾಟಿ ಕಣಿವೆಗೆ ಬಿದ್ದು 158 ಮಂದಿ ಸತ್ತರು. ಬದುಕಿದವರು 8 ಮಂದಿ. ನಾಲ್ವರು ಪರಿಚಾರಕರೂ ಸೇರಿ ಸಿಬ್ಬಂದಿಯ ಆರು ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಮೂರು ದಿನ ಕಳೆಯುವುದರೊಳಗೆ ಏರ್ ಇಂಡಿಯಾದಲ್ಲಿ ಮುಷ್ಕರ. ಜನ ಛೀಮಾರಿ ಹಾಕಿದರು: ಹೆಣಗಳು ಇನ್ನೂ ಮನೆ ಸೇರಿಲ್ಲ, ಇವರಿಗೆ ಮುಷ್ಕರವೇ? ಸಂಘದ ಪದಾಧಿಕಾರಿಗಳು ಪತ್ರಿಕೆಗಳೊಡನೆ ಮಾತನಾಡಕೂಡದೆಂದು ಆಡಳಿತ ವರ್ಗ ಬಾಯಿಗೆ ಬೀಗ ಹಾಕಿದ್ದು ಆ ಮುಷ್ಕರದ ಒಂದು ಮುಖ್ಯ ಕಾರಣವೆಂಬುದು ಎಷ್ಟು ಮಂದಿಗೆ ಗೊತ್ತು? ದಿಲ್ಲಿ ಹೈಕೋರ್ಟಿನ ತಡೆಯಾಜ್ಞೆಯಿಂದ ಅದು ಎರಡನೆಯ ದಿನವೇ ನಿಂತಿತು. ಕಂಪನಿ ಹಲವರನ್ನು ವಜಾ ಮಾಡಿ ಎರಡು ಸಂಘಗಳ ಮಾನ್ಯತೆ ಕಿತ್ತುಕೊಂಡಿತು. ಮುಷ್ಕರದ ಹೊತ್ತು ಸರಿಯಾಗಿತ್ತೆಂದು ನಾವೂ ಹೇಳಲಾರೆವು. ಆದರೆ ಮುಂದೆ ವಿಚಾರಣಾ ವರದಿ ಬಂದಾಗ ಏನು ಹೊರಬಿತ್ತು? ಕ್ಯಾಪ್ಟನ್ ಹಾರಾಟದಲ್ಲಿ ಒಂದೂವರೆ ಗಂಟೆಗೂ ಮಿಕ್ಕಿ ನಿದ್ರಿಸಿದ್ದರು. ಎದ್ದ ಮೇಲೆ ಇಳಿಸುವ ನಿರ್ಧಾರ ತಪ್ಪಿತು. ಬೇಡ, ಮತ್ತೆ ಮೇಲೇರೋಣವೆಂದು ಸಹಚಾಲಕ ಹೇಳಿದ್ದನ್ನು ಕೇಳಲಿಲ್ಲ. ಸತ್ತವರ ಮೇಲೆ ತಪ್ಪು ಹೊರಿಸಿ ಮುಗಿಸುವುದು ಸುಲಭ. ರಾತ್ರಿ ಹೊರಟು ಮುಂಜಾನೆ ಇಳಿಯುವ ಹಾರಾಟಗಳಲ್ಲಿ ಮನುಷ್ಯನ ಮೈ ಎಷ್ಟು ತಡೆದೀತು ಎಂಬುದನ್ನು ಕೇಳುವವರು ಯಾರು? ಆ ಪ್ರಶ್ನೆಯನ್ನು ಎತ್ತಬೇಕಾದವರು ವಿಮಾನದೊಳಗೆ ಕೆಲಸ ಮಾಡುವವರು. ಅವರ ಬಾಯಿಗೇ ಬೀಗ.

ಪೈಲಟ್‌ಗಳ ಸಂಘಗಳು ದಿಲ್ಲಿ ಹೈಕೋರ್ಟಿಗೆ ಹೋಗಿ ವರ್ಷಗಟ್ಟಲೆ ಅಲೆದ ಮೇಲೆ ಕೆಲಸದ ಅವಧಿಯ ಹೊಸ ನಿಯಮಗಳು 2025ರಲ್ಲಿ ಎರಡು ಕಂತಿನಲ್ಲಿ ಜಾರಿಗೆ ಬಂದವು. ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿತು. ರಾತ್ರಿ ವೇಳೆ ಇಳಿಸುವುದು ಆರರಿಂದ ಎರಡಕ್ಕೆ ಇಳಿಯಿತು. ನವೆಂಬರಿನಲ್ಲಿ ಎರಡನೆಯ ಕಂತು ಬಂತು. ಡಿಸೆಂಬರಿನ ಮೊದಲ ವಾರ ಇಂಡಿಗೋ ಕಂಪನಿಯ ವಿಮಾನಗಳು ಸಾವಿರಗಟ್ಟಲೆ ನಿಂತುಹೋದವು. ದೇವನಹಳ್ಳಿಯ ನಿಲ್ದಾಣದಲ್ಲಿ ಪೆಟ್ಟಿಗೆಗಳ ಗುಡ್ಡ. ಹುಬ್ಬಳ್ಳಿಯಲ್ಲಿ ಮದುವೆಯ ಆರತಕ್ಷತೆಗೆ ನೆಂಟರೆಲ್ಲ ಬಂದರು, ಮದುಮಕ್ಕಳು ಮಾತ್ರ ಬರಲಾಗದೆ ಪರದೆಯ ಮೇಲೆ ಕಾಣಿಸಿಕೊಂಡು ಕೈ ಮುಗಿದರು. ಆಗ ಯಾವ ಸಂಘ ಮುಷ್ಕರ ಹೂಡಿತ್ತು? ಯಾವುದೂ ಇಲ್ಲ. ನಿಯಮ ಬರುವುದು ಮೊದಲೇ ಗೊತ್ತಿದ್ದರೂ ಅದಕ್ಕೆ ತಕ್ಕಷ್ಟು ಜನರನ್ನು ಹೊಂದಿಸಿಕೊಳ್ಳದೆ ಕಂಪನಿ ಕುಳಿತಿತ್ತು. ಸರ್ಕಾರ ಮಾಡಿದ್ದೇನು? ಆ ಕಂಪನಿಗೆ ಕೆಲವು ನಿಯಮಗಳಿಂದ ತಾತ್ಕಾಲಿಕ ವಿನಾಯಿತಿ ಕೊಟ್ಟಿತು. 25 ಪರಿಚಾರಕರು ಎರಡು ದಿನ ಬರದಿದ್ದರೆ ವಜಾ. ದೇಶದ ಅತಿ ದೊಡ್ಡ ಕಂಪನಿ ಒಂದು ವಾರ ಜನರನ್ನು ಗೋಳಾಡಿಸಿದರೆ ವಿನಾಯಿತಿ. ತಕ್ಕಡಿ ಹಿಡಿದು ಬದುಕುವ ನಮ್ಮ ವ್ಯಾಪಾರಸ್ಥರು ಈ ತೂಕವನ್ನು ತಾವೇ ನೋಡಲಿ.

ಸಂಘವೇ ಇಲ್ಲದಿದ್ದರೆ ನೆಮ್ಮದಿಯಲ್ಲವೇ ಎನ್ನುವ ಮಾಲೀಕರಿಗೆ ಉತ್ತರ ಬೆಂಗಳೂರಿನಲ್ಲೇ ಇದೆ. ಯು.ಬಿ. ಸಿಟಿಯಲ್ಲಿ ನೋಂದಾಯಿತ ಕಚೇರಿ ಇದ್ದ ಕಿಂಗ್‌ಫಿಷರ್ ವಿಮಾನ ಕಂಪನಿ 2005ರಲ್ಲಿ ಹಾರಾಟ ಆರಂಭಿಸಿ, ನಮ್ಮ ಹಾಸನದ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಕಟ್ಟಿದ್ದ ಏರ್ ಡೆಕ್ಕನನ್ನೂ ನುಂಗಿತು. ಅಲ್ಲಿ ಹೇಳಿಕೊಳ್ಳುವಂಥ ಕಾರ್ಮಿಕ ಸಂಘ ಬೆಳೆಯಲಿಲ್ಲ. 2012ರಲ್ಲಿ ತಿಂಗಳ ಮೇಲೆ ತಿಂಗಳು ಸಂಬಳವಿಲ್ಲ. ಸಂಬಳ ನಿಂತರೆ ಏನಾಗುತ್ತದೆಂದು ಅಂಗಡಿಯವರಿಗೆ ಗೊತ್ತು: ಮೊದಲು ಹಾಲಿನವನ ಬಾಕಿ, ಆಮೇಲೆ ದಿನಸಿಯ ಉದ್ದರಿ, ಆಮೇಲೆ ಮನೆ ಬಾಡಿಗೆ, ಕಡೆಗೆ ಮಕ್ಕಳ ಶಾಲೆಯ ಫೀಜು. ಸೆಪ್ಟೆಂಬರ್ ಕಡೆಯಲ್ಲಿ ಎಂಜಿನಿಯರುಗಳು ತಡೆಯಲಾರದೆ ಕೆಲಸ ನಿಲ್ಲಿಸಿದರು. ಅಕ್ಟೋಬರಿನಲ್ಲಿ ಕಂಪನಿಯ ಪರವಾನಗಿಯೇ ಅಮಾನತಾಯಿತು. ಮಾಲೀಕರಾದ ವಿಜಯ್ ಮಲ್ಯ 2016ರ ಮಾರ್ಚಿನಲ್ಲಿ ದೇಶ ಬಿಟ್ಟರು. ಅದೇ ವರ್ಷ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟು ಕಂಪನಿಯ ಸಮಾಪನೆಗೆ ಆಜ್ಞೆ ಮಾಡಿತು. ಬ್ಯಾಂಕುಗಳ ವಸೂಲಿಯ ಸುದ್ದಿ ವರ್ಷವಿಡೀ ಬರುತ್ತಿತ್ತು, ಕೆಲಸಗಾರರ ಬಾಕಿಯ ಸುದ್ದಿ ಬರಲಿಲ್ಲ. ಆ ಹಳೆಯ ಕೆಲಸಗಾರರಿಗೆ ಹಂಚಲು ಸುಮಾರು 312 ಕೋಟಿ ರೂಪಾಯಿ ಬಿಡುಗಡೆಯಾದ ಸುದ್ದಿ ಬಂದದ್ದು 2025ರ ಡಿಸೆಂಬರಿನಲ್ಲಿ, ಹದಿಮೂರು ವರ್ಷದ ಮೇಲೆ. ಅಂದು ಒಂದು ಬಲವಾದ ಸಂಘವಿದ್ದಿದ್ದರೆ ಕಂಪನಿ ಉಳಿಯುತ್ತಿತ್ತೆಂದು ನಾವು ಹೇಳುವುದಿಲ್ಲ. ಎರಡನೆಯ ತಿಂಗಳ ಸಂಬಳ ತಪ್ಪಿದಾಗಲೇ ಕಾರ್ಮಿಕ ಆಯುಕ್ತರ ಮೇಜಿನ ಮೇಲೆ ಕಾಗದ ಬೀಳುತ್ತಿತ್ತು.

ಸಂಘವಿಲ್ಲದ ಸಿಟ್ಟು ಹೇಗಿರುತ್ತದೆಂಬುದನ್ನು ನಮ್ಮ ತುಮಕೂರು ರಸ್ತೆಯೇ ಕಂಡಿದೆ. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲವೆಂದು ಕೇಂದ್ರ ಸರ್ಕಾರ ನಿಯಮ ಮಾಡಿದಾಗ, 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ ಹೆಣ್ಣುಮಕ್ಕಳು ಯಾರ ಕರೆಯೂ ಇಲ್ಲದೆ ರಸ್ತೆಗಿಳಿದರು. ಜಾಲಹಳ್ಳಿ ಕ್ರಾಸಿನಲ್ಲಿ ಬಸ್ಸು ಸುಟ್ಟವು, ಲಾಠಿ ಬೀಸಿತು. ಎರಡನೆಯ ದಿನವೇ ಸರ್ಕಾರ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ದೇಶದ ಎಲ್ಲ ಕೆಲಸಗಾರರ ಹಣವನ್ನು ಉಳಿಸಿದವರು ಆ ಹೆಣ್ಣುಮಕ್ಕಳು. ಅದಕ್ಕೆ ನಾವೆಲ್ಲ ಋಣಿಗಳು. ಆದರೆ ಆ ಗೆಲುವಿನ ಮೇಲೆ ಏನೂ ಕಟ್ಟಲಾಗಲಿಲ್ಲ. ಕನಿಷ್ಠ ಕೂಲಿಯ ಪ್ರಶ್ನೆ, ಶೌಚಾಲಯಕ್ಕೆ ಹೋಗಲು ಬಿಡುವ ಪ್ರಶ್ನೆ ಇದ್ದಲ್ಲೇ ಉಳಿದವು. ಮೊಕದ್ದಮೆಗಳು ಮಾತ್ರ ಉಳಿದವರ ಪಾಲಿಗೆ ಬಂದವು.

ಸಂಘಗಳ ಮೇಲೂ ನಮಗೆ ಹೇಳಬೇಕಾದ್ದಿದೆ. ವಿಮಾನದಲ್ಲಿ ಪೈಲಟ್‌ಗೊಂದು ಸಂಘ, ಎಂಜಿನಿಯರಿಗೊಂದು, ಪರಿಚಾರಕರಿಗೊಂದು, ನೆಲದವರಿಗೊಂದು. ಒಬ್ಬರು ಕೂತಾಗ ಇನ್ನೊಬ್ಬರು ಕೆಲಸ ಮಾಡುತ್ತಾರೆ. ಅಮೆರಿಕದಲ್ಲಿ 1981ರ ಆಗಸ್ಟಿನಲ್ಲಿ ವಿಮಾನ ಸಂಚಾರ ನಿಯಂತ್ರಕರು ಮುಷ್ಕರ ಹೂಡಿದಾಗ ಅಧ್ಯಕ್ಷ ರೇಗನ್ 11,000ಕ್ಕೂ ಹೆಚ್ಚು ಮಂದಿಯನ್ನು ಎರಡು ದಿನದ ಗಡುವಿನ ಮೇಲೆ ಕೆಲಸದಿಂದ ತೆಗೆದರು; ಉಳಿದ ಸಂಘಗಳ ಪೈಲಟ್‌ಗಳೂ ಪರಿಚಾರಕರೂ ವಿಮಾನ ಹಾರಿಸುತ್ತಲೇ ಇದ್ದರು. ಬೆಂಗಳೂರಿನಲ್ಲಿ ಅದೇ ವರ್ಷ, 1980ರ ಡಿಸೆಂಬರ್ ಕಡೆಯಿಂದ 77 ದಿನ, ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್ ಕೆಲಸಗಾರರು ಒಂದಾಗಿ ನಿಂತದ್ದು ಇದಕ್ಕೆ ತದ್ವಿರುದ್ಧವಾದ ಚಿತ್ರ. ಅವರೂ ಮುಖ್ಯ ಬೇಡಿಕೆಯನ್ನು ಪೂರ್ತಿ ಗೆಲ್ಲಲಿಲ್ಲ, ನಿಜ. ಆದರೆ ಸಾಮೂಹಿಕವಾಗಿ ಒಂದು ಸಂಘಟನೆಯನ್ನೇ ಅಳಿಸಿಹಾಕುವ ಧೈರ್ಯ ಯಾರಿಗೂ ಬರಲಿಲ್ಲ. ನಮ್ಮ ಊರಿನ ಗಿರಣಿಗಳಲ್ಲಿ ಇಪ್ಪತ್ತು ಮಂದಿಗೆ ಮೂರು ಸಂಘ, ಮೂರಕ್ಕೂ ಊರ ಹೊರಗಿನ ಅಧ್ಯಕ್ಷರು, ಬೋನಸಿನ ತಿಂಗಳು ಬಂದಾಗ ಮಾತ್ರ ಅವರ ದರ್ಶನ. ಇದು ಸಂಘವಲ್ಲ, ಗುತ್ತಿಗೆ.

ಸಣ್ಣ ವ್ಯಾಪಾರಸ್ಥರಿಗೆ ಒಂದು ಮಾತು. ಮುಷ್ಕರವೆಂದರೆ ಅಂಗಡಿಗೆ ನಷ್ಟ ಎಂಬ ಸಿಟ್ಟು ನಿಮಗಿದೆ. 2021ರ ಏಪ್ರಿಲಿನಲ್ಲಿ ಸಾರಿಗೆ ನೌಕರರು ಎರಡು ವಾರ ಬಸ್ಸು ನಿಲ್ಲಿಸಿದಾಗ ಬಸ್ ನಿಲ್ದಾಣದ ಸುತ್ತಿನ ಹೋಟೆಲು, ಹೂವು, ಹಣ್ಣಿನವರು ಪಟ್ಟ ಪಾಡು ಸಣ್ಣದಲ್ಲ. ಆದರೆ 2025ರ ಜುಲೈಯನ್ನು ಜ್ಞಾಪಿಸಿಕೊಳ್ಳಿ. ಫೋನಿನ ಮೂಲಕ ಪಡೆದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಿಗೆ ಲಕ್ಷಗಟ್ಟಲೆಯ ನೋಟೀಸು ಕಳಿಸಿತು. ನೀವು ಹಾಲು, ಕಾಫಿ, ಟೀ ಮಾರುವುದನ್ನು ನಿಲ್ಲಿಸಿದಿರಿ. 25ರಂದು ಅಂಗಡಿ ಮುಚ್ಚುವುದಾಗಿ ಸಾರಿದಿರಿ. 23ರಂದು ಮುಖ್ಯಮಂತ್ರಿಗಳು ನಿಮ್ಮ ಪ್ರತಿನಿಧಿಗಳನ್ನು ಕರೆದು ಕೂಡಿಸಿಕೊಂಡು, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದು ಒಪ್ಪಿದರು. ಅಂದು ನೀವು ಮಾಡಿದ್ದಕ್ಕೆ ಏನು ಹೆಸರು? ನಿಮಗೆ ಅಂಗಡಿ ಮುಚ್ಚಲು 14 ದಿನದ ನೋಟೀಸು ಕೊಡಬೇಕೆಂಬ ಕಾನೂನಿಲ್ಲ. ಸಂಧಾನ ನಡೆಯುತ್ತಿದೆ, ಬಾಗಿಲು ತೆರೆಯಿರಿ ಎಂದು ಯಾರೂ ದಂಡ ಹಾಕಲಿಲ್ಲ. ಗಿರಣಿಯವನು ಅದನ್ನೇ ಮಾಡಿದರೆ?

ಈಗ ಹಗ್ಗದ ಮಾತಿಗೆ ಬರುತ್ತೇವೆ. 2020ರಲ್ಲಿ ಪಾರ್ಲಿಮೆಂಟಿನಲ್ಲಿ ಅಂಗೀಕಾರವಾಗಿ ಐದು ವರ್ಷ ಮೂಲೆಯಲ್ಲಿದ್ದ ಕೈಗಾರಿಕಾ ಸಂಬಂಧಗಳ ಸಂಹಿತೆಯನ್ನು 2025ರ ನವೆಂಬರ್ 21ರಿಂದ ಜಾರಿಗೆ ತರಲಾಗಿದೆ. ಅದರ ಪ್ರಕಾರ ಇನ್ನು ಮುಂದೆ ಸಾರ್ವಜನಿಕ ಉಪಯುಕ್ತ ಸೇವೆ, ಸಾಮಾನ್ಯ ಕಾರ್ಖಾನೆ ಎಂಬ ಭೇದವಿಲ್ಲ. ಎಲ್ಲ ಕೈಗಾರಿಕೆಗಳ ಕೆಲಸಗಾರರೂ 14 ದಿನ ಮೊದಲು ನೋಟೀಸು ಕೊಡಬೇಕು. ಸಂಧಾನ ನಡೆಯುವಾಗಲೂ ಅದಾದ ಏಳು ದಿನವೂ ಮುಷ್ಕರವಿಲ್ಲ. ವಿವಾದ ನ್ಯಾಯಮಂಡಳಿಯ ಮುಂದಿದ್ದರೆ ಅದು ಮುಗಿದು 60 ದಿನದವರೆಗೆ ಇಲ್ಲ. ಸಂಧಾನ ಮುರಿದ ಮೇಲೆ ಎರಡು ಪಕ್ಷಗಳಲ್ಲಿ ಯಾರು ಬೇಕಾದರೂ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದಾದ್ದರಿಂದ, ಮಾಲೀಕ ಅರ್ಜಿ ಹಾಕಿದರೆ ಮುಷ್ಕರದ ಬಾಗಿಲಿಗೆ ಅಗುಳಿ ಬಿದ್ದಂತೆ. ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಜನ ಒಂದು ದಿನ ಒಟ್ಟಾಗಿ ಸಾಂದರ್ಭಿಕ ರಜೆ ಹಾಕಿದರೂ ಅದು ಮುಷ್ಕರವೇ. ವಿಮಾನದವರು ಹಿಡಿದ ಕತ್ತಲ ದಾರಿಗೂ ಬೇಲಿ ಬಂತೆಂದು ತಿಳಿಯಿರಿ. ಕಾಯಿಲೆ ರಜೆ ಇದರೊಳಗೆ ಬರುತ್ತದೆಯೇ ಎಂಬುದನ್ನು ವಕೀಲರು ವಾದಿಸಿಕೊಳ್ಳಲಿ. ಕಾನೂನುಬಾಹಿರ ಮುಷ್ಕರದಲ್ಲಿ ನಿಂತವನಿಗೆ 1,000ದಿಂದ 10,000 ರೂಪಾಯಿ ದಂಡ, ಇಲ್ಲವೇ ಒಂದು ತಿಂಗಳವರೆಗೆ ಸಜೆ, ಇಲ್ಲವೇ ಎರಡೂ. ಮಾಲೀಕನ ಬೀಗಮುದ್ರೆಗೂ 14 ದಿನದ ನೋಟೀಸು ಬೇಕು, ಸುಳ್ಳಲ್ಲ. ಆದರೆ ಅವನಿಗೆ ಬೀಗ ಹಾಕಬೇಕಾದ ಅಗತ್ಯವೇ ಕಡಿಮೆ. 300ಕ್ಕಿಂತ ಕಡಿಮೆ ಜನರಿರುವ ಕಡೆ ಕೆಲಸದಿಂದ ತೆಗೆಯಲು, ಮುಚ್ಚಲು ಸರ್ಕಾರದ ಮುನ್ಪರವಾನಗಿ ಬೇಡ. ಹಿಂದೆ ಈ ಎಲ್ಲೆ 100 ಇತ್ತು. ನಮ್ಮ ಜಿಲ್ಲೆಯಲ್ಲಿ 300 ಜನರಿರುವ ಗಿರಣಿ ಎಷ್ಟಿವೆ, ಎಣಿಸಿ ನೋಡಿ.

ಸಂಹಿತೆಯಲ್ಲಿ ನಮ್ಮ ಕೈಗೆ ಸಿಗುವ ಎರಡು ಹಿಡಿಗಳಿವೆ. ಮುಷ್ಕರದ ನೋಟೀಸು ಬಂದ ಮೇಲೆ ಸಂಧಾನಾಧಿಕಾರಿ 14 ದಿನದೊಳಗೆ ವರದಿ ಕೊಡಬೇಕು. ಪೂಜೆಗೆ ಹೊತ್ತು ಗೊತ್ತು ಮಾಡಿದ್ದಾರೆ ಎಂದಾಯಿತು. ಅಧಿಕಾರಿ ಅದನ್ನು ಪಾಲಿಸುವಂತೆ ನೋಡಿಕೊಳ್ಳಬೇಕಾದವರು ನಾವು. ರಾಜ್ಯ ಸರ್ಕಾರ ಜಿಲ್ಲೆಯ ಕಾರ್ಮಿಕ ಕಚೇರಿಗೆ ಸಾಕಷ್ಟು ಅಧಿಕಾರಿಗಳನ್ನು ಕೊಡಬೇಕು. ಖಾಲಿ ಕುರ್ಚಿಯ ಮುಂದೆ ಸಂಧಾನ ನಡೆಯುವುದಿಲ್ಲ. ಎರಡನೆಯದು, ಕೆಲಸಗಾರರಲ್ಲಿ ನೂರಕ್ಕೆ 51 ಮಂದಿ ಸದಸ್ಯರಿರುವ ಸಂಘವೇ ಮಾತುಕತೆಯ ಏಕೈಕ ಸಂಘ. ಯಾವುದಕ್ಕೂ ಅಷ್ಟಿಲ್ಲದಿದ್ದರೆ ನೂರಕ್ಕೆ 20ರಷ್ಟಾದರೂ ಇರುವವರೆಲ್ಲ ಸೇರಿದ ಮಂಡಳಿ. 20ಕ್ಕೂ ಕಡಿಮೆಯಾದರೆ ಮೇಜಿನ ಬಳಿ ಕುರ್ಚಿಯಿಲ್ಲ. ಇಪ್ಪತ್ತು ಮಂದಿಗೆ ಮೂರು ಸಂಘ ಇಟ್ಟುಕೊಂಡವರು ಈಗಲೇ ಒಂದಾಗುವುದು ಒಳಿತು.

ಆದುದರಿಂದ ಉಪ್ಪಾರಹಳ್ಳಿ, ಅಂತರಸನಹಳ್ಳಿ, ವಸಂತನರಸಾಪುರಗಳ ಕಾರ್ಖಾನೆ ಗಿರಣಿಗಳ ಸಂಘಗಳು, ಬಾವುಟದ ಬಣ್ಣ ಯಾವುದೇ ಇರಲಿ, ಯಾವ ವಿವಾದವೂ ಇಲ್ಲದ ಈ ಹೊತ್ತಿನಲ್ಲೇ ಸದಸ್ಯರ ಪಟ್ಟಿಯನ್ನು ಸರಿಪಡಿಸಿಕೊಳ್ಳಬೇಕು. ಚಂದಾ ಕೊಟ್ಟವನಿಗೆ ರಸೀತಿ ಕೊಡಬೇಕು, ರಸೀತಿಯ ಅಡಿಪ್ರತಿ ಜೋಪಾನ ಮಾಡಬೇಕು. ಗುತ್ತಿಗೆಯವರನ್ನೂ, ನಿಗದಿತ ಅವಧಿಗೆ ಸೇರಿಸಿಕೊಂಡವರನ್ನೂ, ಹೆಂಗಸರನ್ನೂ ಪಟ್ಟಿಯಿಂದ ಹೊರಗಿಟ್ಟು ನೂರಕ್ಕೆ 51 ಎಣಿಸಲು ಹೋದರೆ ಎಣಿಕೆ ತುಂಬುವುದಿಲ್ಲ.